ಅರ್ಧ ಇಳಿದ ರೆಪ್ಪೆ: ಸ್ಟೈಲೋ, ಸಂಕಟವೋ?

ಬೆಳ್ಳಿತೆರೆಯ ಮೇಲೆ ಅರ್ಧ ಮುಚ್ಚಿದ ಕಣ್ಣಿಗೆ ಎಂಥಾ ಬೆಲೆ ಅಂತ ನಿಮಗೆ ನಾನು ಹೇಳಬೇಕೇ? ನಾಯಕಿ ರೆಪ್ಪೆ ಇಳಿಸಿದರೆ ನಾಚಿಕೆ. ನಾಯಕ ಇಳಿಸಿದರೆ ಅಮಲು. ಖಳನಾಯಕ ಇಳಿಸಿದನೋ, ಮುಂದಿನ ರೀಲಿನಲ್ಲಿ ಯಾರದೋ ಮನೆ ಹಾಳು ಎಂದೇ ಲೆಕ್ಕ. ಒಂದು ಡೈಲಾಗ್ ಬೇಡ, ಒಂದು ಫೈಟ್ ಬೇಡ, ಬರೀ ರೆಪ್ಪೆ ಒಂದಿಷ್ಟು ಕೆಳಗಿಳಿದರೆ ಸಾಕು, ಗಾಂಧಿ ಕ್ಲಾಸಿನಿಂದ ಬಾಲ್ಕನಿವರೆಗೆ ಶಿಳ್ಳೆ!

ಅದೇ ರೆಪ್ಪೆ ಬಸ್ ಸ್ಟ್ಯಾಂಡಿನಲ್ಲಿ ಇಳಿದರೆ? ಶಿಳ್ಳೆ ಇಲ್ಲ ಸ್ವಾಮೀ, ತೀರ್ಪು! ನಮ್ಮ ಜನ ಕೊಡುವ ತೀರ್ಪು ಮೂರೇ ಮೂರು. ಒಂದು, "ಹಾಕ್ಕೊಂಡಾನ." ಎರಡು, "ರಾತ್ರಿ ನಿದ್ದಿಗೆಟ್ಟಾನ." ಮೂರು, "ದಿಮಾಕು ನೋಡು ಅವಂದು!" ನಾಲ್ಕನೆಯದೂ ಒಂದು ಇರಬಹುದು, ಆ ಮನುಷ್ಯನ ರೆಪ್ಪೆ ಎತ್ತುವ ಯಂತ್ರವೇ ಕೆಟ್ಟಿರಬಹುದು ಎಂದು ಯಾರ ತಲೆಗೂ ಹೊಳೆಯುವುದಿಲ್ಲ. ಈ ವಾರದ ನನ್ನ ಪುಟ ಆ ನಾಲ್ಕನೆಯ ತೀರ್ಪಿಗೆ ಮೀಸಲು.

ಕಾರಣ ಒಂದು ಪತ್ರ. ಸಿಂಧನೂರಿನ ಓದುಗರೊಬ್ಬರು ಬರೆದದ್ದು. ಹೆಸರು ಹಾಕುವುದಿಲ್ಲ, ಹಾಕಬೇಡಿ ಎಂದು ಅವರೇ ಕೇಳಿಕೊಂಡಿದ್ದಾರೆ. "ಅಣ್ಣಾ, ಹೀರೋಗಳ ಕಣ್ಣಿನ ಬಗ್ಗೆ ಪುಟಗಟ್ಟಲೆ ಬರೀತೀರಿ. ನನ್ನ ದೋಸ್ತನ ಕಣ್ಣಿನ ಬಗ್ಗೆ ಯಾರನ್ನ ಕೇಳಬೇಕು? ಮುಂಜಾನಿ ಬರೋಬರಿ ಇರ್ತಾನ. ಸಂಜಿ ಆಯ್ತಂದ್ರ ಎಡಗಣ್ಣು ಅರ್ಧಕ್ಕ ಇಳೀತದ. ಅಕ್ಕಿ ಮಿಲ್ಲಿನ್ಯಾಗ ಸಾಹುಕಾರ್ರು ಕುಡ್ದು ಬರ್ತೀ ಅಂತ ಕೆಲಸ ಬಿಡಿಸ್ಯಾರ. ಲಿಂಗಸುಗೂರು ಕಡಿ ಒಂದು ಹೆಣ್ಣು ಗೊತ್ತಾಗಿತ್ತು, ಅದೂ ಮುರೀತು. ದೇವರಾಣಿ ಅಣ್ಣಾ, ಅವನು ಒಂದು ಹನಿ ಮುಟ್ಟಿದವನಲ್ಲ."

ಓದಿದವನೇ ಬಸ್ಸು ಹತ್ತಿದೆ. ಪಿಯುಸಿಯ ಬಾಗಿಲಿನಿಂದಲೇ ವಾಪಸ್ ಬಂದ ಆಸಾಮಿ ನಾನು, ಡಾಕ್ಟರಿಕೆ ನನ್ನ ಹತ್ತಿರ ಇಲ್ಲ. ಆದರೆ ಕಾಲಿದೆ, ಕಿವಿಯಿದೆ, ಡಾಕ್ಟರರ ಬಾಗಿಲಲ್ಲಿ ಕಾಯುವ ತಾಳ್ಮೆಯಿದೆ. ಸಿಂಧನೂರು, ಮಸ್ಕಿ, ಲಿಂಗಸುಗೂರು, ಒಂದೇ ರಸ್ತೆಯ ಈ ಮೂರು ಊರಲ್ಲಿ ಮೂರು ಥರದ ಇಳಿದ ರೆಪ್ಪೆ ಸಿಕ್ಕವು. ಮೂರರ ಕಾರಣವೂ ಬೇರೆ ಬೇರೆ. ಅದನ್ನು ನಿಮಗೆ ಒಪ್ಪಿಸುವುದಷ್ಟೇ ನನ್ನ ಕೆಲಸ.

ಹೋಗುವ ಮುಂಚೆ ಒಬ್ಬ ಸೂಪರ್‌ಸ್ಟಾರ್‌ನನ್ನು ನೆನೆಯೋಣ.

★ ಅಮಿತಾಭನಿಗೂ ಬಂತು

1982ರ ಜುಲೈ. ನಮ್ಮ ಬೆಂಗಳೂರು ವಿಶ್ವವಿದ್ಯಾಲಯದ ಆವರಣದಲ್ಲಿ 'ಕೂಲಿ' ಚಿತ್ರದ ಫೈಟಿಂಗು. ಪುನೀತ್ ಇಸ್ಸಾರ್ ಎದುರಿಗೆ. ಅಮಿತಾಭ್ ಬಚ್ಚನ್ ಹೊಟ್ಟೆಗೆ ಪೆಟ್ಟು ಬಿತ್ತು, ಬೆಂಗಳೂರಿನಿಂದ ಬೊಂಬಾಯಿಯ ಆಸ್ಪತ್ರೆಗೆ ಸಾಗಿಸಿದರು, ದೇಶವೆಲ್ಲ ಹರಕೆ ಹೊತ್ತಿತು. ಈ ಕಥೆ ನಿಮಗೆ ಬಾಯಿಪಾಠ. 1983ರಲ್ಲಿ ಚಿತ್ರ ಬಂದಾಗ ಪೆಟ್ಟು ಬಿದ್ದ ಆ ಕ್ಷಣದಲ್ಲಿ ತೆರೆಯ ಮೇಲೆ ದೃಶ್ಯ ನಿಂತುಬಿಡುತ್ತದೆ, ಅದೂ ಗೊತ್ತು.

ಮುಂದಿನ ಕಥೆ ಬಹಳ ಮಂದಿಗೆ ಗೊತ್ತಿಲ್ಲ. ಆ ಗಾಯದಿಂದ ಎದ್ದು ಬಂದವನಿಗೆ 1984ರ ಸುಮಾರಿಗೆ ಇನ್ನೊಂದು ಕಾಯಿಲೆ ಕಾಣಿಸಿತು. ಹೆಸರು ಮಯಸ್ತೇನಿಯಾ ಗ್ರೇವಿಸ್. ಸ್ನಾಯುಗಳು ಬೇಗ ದಣಿದುಬಿಡುವ ರೋಗ. ನೂರು ಜನರನ್ನು ಒಬ್ಬನೇ ಹೊಡೆದು ಹಾಕುತ್ತಿದ್ದ ಹೀರೋಗೆ ತನ್ನ ಸ್ನಾಯುಗಳೇ ಕೈಕೊಟ್ಟವು! ಔಷಧಿಯಿಂದ ಸುಧಾರಿಸಿಕೊಂಡ. 1988ರಲ್ಲಿ 'ಶಹೆನ್‌ಶಾ' ಆಗಿ ತೆರೆಗೆ ಮರಳಿದ. ಆಮೇಲಿನದು ಇತಿಹಾಸ.

ಇದನ್ನು ಯಾಕೆ ಹೇಳಿದೆ? ಈ ಕಾಯಿಲೆ ಅರ್ಧಕ್ಕಿಂತ ಹೆಚ್ಚು ಜನರಲ್ಲಿ ಮೊದಲು ಕಾಣಿಸಿಕೊಳ್ಳುವುದೇ ಕಣ್ಣಲ್ಲಿ. ರೆಪ್ಪೆ ಇಳಿಯುತ್ತದೆ, ಇಲ್ಲವೇ ಒಂದು ವಸ್ತು ಎರಡಾಗಿ ಕಾಣುತ್ತದೆ. ಮಿಲ್ಲಿನ ಹುಡುಗನ ಸಂಜೆಯ ರೆಪ್ಪೆಗೂ ಸೂಪರ್‌ಸ್ಟಾರ್ ಕಾಯಿಲೆಗೂ ನಂಟಿದೆಯೇ? ತಡೀರಿ, ಅಲ್ಲಿಗೇ ಬರುತ್ತೇನೆ.

★ ಅಂಗಡಿ ಶಟರ್ ಲೆಕ್ಕ

ರೆಪ್ಪೆ ಅಂದರೆ ಅಂಗಡಿಯ ಶಟರ್ ಇದ್ದ ಹಾಗೆ, ಕರೆಂಟಿನ ಶಟರ್. ಎತ್ತಲಿಕ್ಕೆ ಒಂದು ಮೋಟಾರು, ಅದು ಸ್ನಾಯು. ಮೆದುಳಿನಿಂದ ಮೋಟಾರಿಗೆ ಬರುವ ವೈರು, ಅದು ನರ. ವೈರು ಮೋಟಾರಿಗೆ ಕೂಡುವ ಜಾಗದಲ್ಲಿ ಒಂದು ಸ್ವಿಚ್ಚು. ಮೋಟಾರನ್ನು ಶಟರಿನ ತಗಡಿಗೆ ಹಿಡಿದಿಟ್ಟ ಪಟ್ಟಿಯೊಂದು. ನೀವು ಎಚ್ಚರವಾಗಿರುವಷ್ಟು ಹೊತ್ತೂ ಈ ಮೋಟಾರಿಗೆ ರಜಾ ಇಲ್ಲ. ಕೈಗೆ ವಿಶ್ರಾಂತಿ ಉಂಟು, ಕಾಲಿಗೆ ಉಂಟು, ರೆಪ್ಪೆ ಎತ್ತಿ ಹಿಡಿದವನಿಗೆ ಮಾತ್ರ ಬೆಳಗಿನಿಂದ ಸೆಕೆಂಡ್ ಶೋವರೆಗೂ ಡ್ಯೂಟಿ! ಅದಕ್ಕೇ ಮೈಯಲ್ಲಿ ಕೆಲವು ಜಾತಿಯ ತೊಂದರೆ ಬಂದರೆ ಮೊದಲು ಸೋಲುವುದು ಅದು.

ಶಟರ್ ಇಳಿದಾಗ ಮೆಕ್ಯಾನಿಕ್ ಏನು ಮಾಡುತ್ತಾನೆ? ತಗಡಿಗೆ ಬಣ್ಣ ಹೊಡೆಯುವುದಿಲ್ಲ. ವೈರು ಹೋಯಿತೋ, ಸ್ವಿಚ್ಚು ಹೋಯಿತೋ, ಮೋಟಾರು ಹೋಯಿತೋ, ಪಟ್ಟಿ ಜಾರಿತೋ ಅಂತ ನೋಡುತ್ತಾನೆ. ನಾವು ಮಾತ್ರ ರೆಪ್ಪೆ ಇಳಿದರೆ ಮೆಡಿಕಲ್ ಶಾಪಿಗೆ ಹೋಗಿ "ಕಣ್ಣಿಗೆ ಹಾಕೋ ಡ್ರಾಪ್ಸ್ ಕೊಡ್ರಿ" ಅಂತೀವಿ! ಡ್ರಾಪ್ಸು ತಗಡಿಗೆ ಬಣ್ಣ ಹೊಡೆದಂತೆ. ಒಳಗಿನ ವೈರಿಗೆ ಅದೇನು ಮಾಡೀತು?

★ ಸಿಂಧನೂರು: ಸ್ವಿಚ್ಚು ಕೆಟ್ಟವನು

ತುಂಗಭದ್ರಾ ಎಡದಂಡೆ ಕಾಲುವೆಯ ನೀರು, ಕಣ್ಣು ಹಾಯಿಸಿದಷ್ಟು ಭತ್ತ, ಸಾಲು ಸಾಲು ಅಕ್ಕಿ ಮಿಲ್ಲು. ಸಿಂಧನೂರಿನ ಚಹಾದಂಗಡಿಯಲ್ಲಿ ಹುಡುಗ ನನ್ನ ಎದುರು ಕೂತಾಗ ಬೆಳಿಗ್ಗೆ ಒಂಬತ್ತು. ಕಣ್ಣು ನೆಟ್ಟಗಿದ್ದವು. "ಇವನಿಗೇನಾಗಿದೆಯಪ್ಪಾ?" ಅನಿಸಿತು. ಅದೇ ನೋಡಿ ಅವನ ದುರದೃಷ್ಟ. ಬೆಳಿಗ್ಗೆ ಡಾಕ್ಟರ ಹತ್ತಿರ ಹೋದರೆ "ಏನೂ ಇಲ್ಲ ಹೋಗಪ್ಪ" ಅಂತಾರೆ. ಸಂಜೆ ಸಾಹುಕಾರರ ಕಣ್ಣಿಗೆ ಬಿದ್ದರೆ "ಕುಡುಕ" ಅಂತಾರೆ.

"ನಿನ್ನ ಮೊಬೈಲಿನಲ್ಲಿ ಫೋಟೋ ಇವೆಯೇನೋ?" ಅಂದೆ. ಅಭಿಮಾನಿ ಅಂದಮೇಲೆ ಇಲ್ಲದೆ ಇರುತ್ತವೆಯೇ! ಫಸ್ಟ್ ಡೇ ಫಸ್ಟ್ ಶೋ, ಬೆಳಿಗ್ಗೆ ಕಟೌಟಿನ ಮುಂದೆ ಹಾಲಿನ ಕೊಡ ಹಿಡಿದ ಫೋಟೋ: ಎರಡು ಕಣ್ಣೂ ಸಮ. ಅದೇ ದಿನ ರಾತ್ರಿ, ಅದೇ ಕಟೌಟು, ಅದೇ ಅಂಗಿ: ಎಡರೆಪ್ಪೆ ಕರಿಗುಡ್ಡೆಯ ಅರ್ಧಕ್ಕೆ ಬಂದಿದೆ. ಒಂದಲ್ಲ, ಇಂಥ ಎಂಟು ಜೋಡಿ ಸಿಕ್ಕವು. ಎರಡು ವರ್ಷದ ಹಿಂದಿನ ಫೋಟೋಗಳಲ್ಲಿ ಹಗಲೂ ರಾತ್ರಿಯೂ ಕಣ್ಣು ಸಮ. ಅಂದರೆ ಹುಟ್ಟಿನಿಂದ ಬಂದದ್ದಲ್ಲ, ಈಚೆಗೆ ಬಂದದ್ದು, ದಣಿದಾಗ ಹೆಚ್ಚುವಂಥದ್ದು. ಅಭಿಮಾನಿಯ ಮೊಬೈಲೇ ಸಾಕ್ಷಿ!

ಆ ಫೋಟೋಗಳನ್ನು ಸಮಯ ಸಮೇತ ತೋರಿಸಿದ ಮೇಲೆ ನರರೋಗದ ಡಾಕ್ಟರು ನಗಲಿಲ್ಲ, ಕುರ್ಚಿ ಮುಂದಕ್ಕೆಳೆದುಕೊಂಡರು. "ಮೇಲೆ ನೋಡು, ರೆಪ್ಪೆ ಬಡಿಯಬೇಡ" ಎಂದು ಒಂದು ನಿಮಿಷ ಕೂರಿಸಿದರು. ಎಡರೆಪ್ಪೆ ನಿಧಾನಕ್ಕೆ ಇಳಿಯಿತು, ಟಾಕೀಸಿನ ಪರದೆ ಇಳಿದ ಹಾಗೆ. ಆಮೇಲೆ ಬಟ್ಟೆಯಲ್ಲಿ ಸುತ್ತಿದ ಐಸನ್ನು ಮುಚ್ಚಿದ ಕಣ್ಣಿನ ಮೇಲೆ ಎರಡು ನಿಮಿಷ ಇಟ್ಟು ತೆಗೆದರು. ರೆಪ್ಪೆ ಎದ್ದಿತ್ತು! ಮಾಟವಲ್ಲ ಗೆಳೆಯರೇ. ತಂಪಿನಲ್ಲಿ ಈ ಸ್ವಿಚ್ಚು ತುಸು ಚೆನ್ನಾಗಿ ಕೆಲಸ ಮಾಡುತ್ತದೆ. ಐಸಿಗೆ ರೆಪ್ಪೆ ಎದ್ದರೆ ಅನುಮಾನ ಮಯಸ್ತೇನಿಯಾ ಕಡೆಗೆ. ಮುಂದೆ ನಿಯೋಸ್ಟಿಗ್ಮಿನ್ ಎಂಬ ಇಂಜೆಕ್ಷನ್ ಕೊಟ್ಟು ನೋಡುವುದು, ನರಕ್ಕೆ ಸಣ್ಣ ಕರೆಂಟು ಕೊಟ್ಟು ಸ್ನಾಯು ದಣಿಯುತ್ತದೋ ನೋಡುವುದು, ರಕ್ತ ಪರೀಕ್ಷೆ, ಎದೆಯ ಸ್ಕ್ಯಾನು. ಎದೆಯದು ಯಾಕೆಂದರೆ ಅಲ್ಲಿರುವ ಥೈಮಸ್ ಗ್ರಂಥಿಯಲ್ಲಿ ಕೆಲವರಿಗೆ ಗೆಡ್ಡೆ ಇರುತ್ತದೆ. ರಕ್ತದ ವರದಿ ಒಂದನ್ನೇ ನಂಬಿ ಕೂರುವ ಹಾಗೂ ಇಲ್ಲ. ಕಾಯಿಲೆ ಕಣ್ಣಿಗಷ್ಟೇ ಇದ್ದವರಲ್ಲಿ ಹೆಚ್ಚುಕಡಿಮೆ ಅರ್ಧ ಜನಕ್ಕೆ ಅದು 'ಇಲ್ಲ' ಎಂದೇ ಬರುತ್ತದೆ.

ಆಗುವುದೇನು? ನರದಿಂದ ಅಸಿಟೈಲ್‌ಕೋಲಿನ್ ಎಂಬ ರಸ ಹೊರಟು ಸ್ನಾಯುವಿನ ಮೇಲಿನ ಬೀಗಕ್ಕೆ ಕೀಲಿಯ ಹಾಗೆ ಕೂತಾಗ ಸ್ನಾಯು ಎಳೆಯುತ್ತದೆ. ಈ ಕಾಯಿಲೆಯಲ್ಲಿ ನಮ್ಮದೇ ರಕ್ಷಣಾ ಪಡೆ ದಾರಿ ತಪ್ಪಿ ನಮ್ಮದೇ ಬೀಗಗಳನ್ನು ಒಡೆಯುತ್ತದೆ. ಬೀಗ ಕಡಿಮೆಯಾದರೆ ಬೆಳಿಗ್ಗೆ ಹೇಗೋ ನಡೆಯುತ್ತದೆ, ಸಂಜೆಗೆ ಸೋಲು.

ಮದ್ದು ಸಿಕ್ಕ ಕಥೆಯೂ ಸಿನಿಮಾ ಥರವೇ. 1934ರಲ್ಲಿ ಲಂಡನ್ನಿನ ಗ್ರೀನಿಚ್‌ನ ಆಸ್ಪತ್ರೆಯೊಂದರಲ್ಲಿ ಮೇರಿ ವಾಕರ್ ಎಂಬ ಡಾಕ್ಟರಮ್ಮ. ಈ ರೋಗಿಗಳನ್ನು ನೋಡಿದರೆ ಬಾಣದ ತುದಿಗೆ ಹಚ್ಚುವ ಕುರಾರೆ ವಿಷ ತಗುಲಿದವರ ಹಾಗಿದ್ದಾರಲ್ಲ ಎಂದು ಆಕೆಗೆ ಹೊಳೆಯಿತು. ಹಾಗಾದರೆ ಆ ವಿಷಕ್ಕೆ ಕೊಡುವ ಮದ್ದನ್ನೇ ಇವರಿಗೂ ಕೊಟ್ಟರೆ? ಕೊಟ್ಟಳು. ಇಳಿದ ರೆಪ್ಪೆ ಎದ್ದಿತು! ಇವತ್ತು ಕೊಡುವ ಪಿರಿಡೋಸ್ಟಿಗ್ಮಿನ್ ಮಾತ್ರೆ ಅದೇ ವಂಶದ ಕುಡಿ.

ನಮ್ಮ ಹುಡುಗ ಈಗ ಆ ಮಾತ್ರೆಯ ಮೇಲಿದ್ದಾನೆ. ಬೇರೆ ಮಿಲ್ಲಿನಲ್ಲಿ ಕೆಲಸ ಸಿಕ್ಕಿದೆ. ಮುರಿದ ಸಂಬಂಧ ಕೂಡಲಿಲ್ಲ. "ಹೋಗ್ಲಿ ಬಿಡಣ್ಣ, ಕುಡುಕ ಅಂದವರ ಮನಿ ಹೆಣ್ಣು ಯಾಕ ಬೇಕು" ಅಂದ. ಅಂದವನ ಕಣ್ಣು ಮಾತ್ರ ಬೇರೆಯೇ ಹೇಳುತ್ತಿತ್ತು.

ಅವನ ತಾಯಿ ಹೇಳಿದ ಇನ್ನೊಂದು ಮಾತು ಇಲ್ಲಿ ಬರೆಯಲೇಬೇಕು. ಕಾರಣ ಗೊತ್ತಾಗುವ ಮುಂಚೆ ದೃಷ್ಟಿ ತೆಗೆಸಿದ್ದರು, ತಾಯತ ಕಟ್ಟಿಸಿದ್ದರು. ಅದರಿಂದ ಕೆಟ್ಟದ್ದೇನೂ ಆಗಲಿಲ್ಲ, ಆರು ತಿಂಗಳು ಹೋಯಿತು ಅಷ್ಟೇ. ಆದರೆ ಜ್ವರಕ್ಕೆಂದು ಯಾರೋ ಚುಚ್ಚಿದ ಒಂದು ಆಂಟಿಬಯಾಟಿಕ್ ಸೂಜಿಯಿಂದ ಹುಡುಗ ಎರಡು ದಿನ ನುಂಗಲಾರದೆ ಒದ್ದಾಡಿದ. ಜೆಂಟಾಮೈಸಿನ್, ಸಿಪ್ರೋಫ್ಲಾಕ್ಸಾಸಿನ್ ಥರದ ಕೆಲವು ಔಷಧಿ ಈ ಕಾಯಿಲೆಯವರಿಗೆ ಆಗಿಬರುವುದಿಲ್ಲ, ಉಸಿರಿಗೇ ಕುತ್ತು ತಂದಾವು. ಕಾಯಿಲೆಯ ಹೆಸರು ಚೀಟಿಯಲ್ಲಿ ಬರೆದು ಜೇಬಿನಲ್ಲಿಟ್ಟುಕೊಳ್ಳಬೇಕು ಅನ್ನುವುದು ಅದಕ್ಕೇ.

★ ಮಸ್ಕಿ: ಸ್ವಿಚ್ಚಿಗೆ ವಿಷ ಬಿದ್ದವನು

ಸಿಂಧನೂರಿನಿಂದ ಲಿಂಗಸುಗೂರು ಬಸ್ಸು ಹಿಡಿದರೆ ನಡುವೆ ಮಸ್ಕಿ. ಇಲ್ಲಿಯ ಬಂಡೆಯ ಕಥೆ ಗೊತ್ತಲ್ಲ? ದೇಶದ ತುಂಬ ಸಿಕ್ಕ ಶಾಸನಗಳಲ್ಲಿ 'ದೇವಾನಾಂಪ್ರಿಯ' ಎಂದಷ್ಟೇ ಬಿರುದು ಕಾಣುತ್ತಿತ್ತು. ಆ ರಾಜ ಅಶೋಕನೇ ಎಂದು ಗಟ್ಟಿಯಾಗಿ ಹೇಳಿದ್ದು 1915ರಲ್ಲಿ ಚಿನ್ನದ ಗಣಿ ಎಂಜಿನಿಯರ್ ಬೀಡನ್ ಕಂಡ ಮಸ್ಕಿಯ ಬಂಡೆ. ಅದರಲ್ಲಿ ಹೆಸರೇ ಇತ್ತು. ಕಾಯಿಲೆಯೂ ಹಾಗೇ. 'ರೆಪ್ಪೆ ಇಳಿದಿದೆ' ಅನ್ನುವುದು ಬಿರುದು, ಹೆಸರಲ್ಲ. ಹೆಸರು ಸಿಗುವ ತನಕ ಹುಡುಕಬೇಕು.

ಮಸ್ಕಿಯ ಹತ್ತಿರದ ಹಳ್ಳಿಯಲ್ಲಿ ಹೆಸರು ಹುಡುಕಲಿಕ್ಕೆ ಸಿಕ್ಕ ಹೊತ್ತು ಎಷ್ಟು ಗೊತ್ತೇ? ಒಂದೆರಡು ತಾಸು. ಭತ್ತದ ರಾಶಿ ಕಾಯಲು ಗುಡಿಸಲಿನಲ್ಲಿ ನೆಲದ ಮೇಲೆ ಮಲಗಿದ್ದ ಇಪ್ಪತ್ತರ ಹುಡುಗ ನಸುಕಿನಲ್ಲಿ ಎದ್ದು ಹೊಟ್ಟೆನೋವು ಅಂದ. ಎರಡು ರೆಪ್ಪೆಯೂ ಭಾರ. ಮಾತು ತೊದಲು. ಹಿಂದಿನ ರಾತ್ರಿ ಗೆಳೆಯರ ಜೊತೆ ಸೆಕೆಂಡ್ ಶೋ ನೋಡಿ ಬಂದಿದ್ದನಂತೆ, ಇನ್ನೇನು ಬೇಕು? "ಏನಲೇ, ಇನ್ನಾ ಇಳಿದಿಲ್ಲೇನು?" ಎಂದು ದೋಸ್ತರು ನಕ್ಕರು. ಅವ್ವ ಮಜ್ಜಿಗೆ ಕೊಟ್ಟಳು. ಮಜ್ಜಿಗೆ ಗಂಟಲಿಗಿಳಿಯಲಿಲ್ಲ, ಮೂಗಿನಿಂದ ಬಂತು. ಆಗ ಅವರ ಕಾಕಾ ಕೂಗಿದರಂತೆ: "ನಿಶಾ ಅಲ್ಲಲೇ ಇದು, ಹುಳ ಮುಟ್ಟೇತಿ! ಗಾಡಿ ತೆಗೀರಿ!"

ಬೈಕಿನ ಮೇಲೆ ಇಬ್ಬರ ನಡುವೆ ಒತ್ತಿ ಕೂರಿಸಿಕೊಂಡು ಆಸ್ಪತ್ರೆ ಮುಟ್ಟಿಸಿದರು. ಮೂರು ದಿನ ಉಸಿರಿನ ಯಂತ್ರ. ಹುಡುಗ ಉಳಿದ.

ಅದು ಕಟ್ಟುಹಾವು. ಕಪ್ಪು ಮಿರಿಮಿರಿ ಮೈ, ಮೇಲೆ ಬಿಳಿ ಬಳೆಯಂಥ ಗೆರೆ. ಹಗಲು ಸಾಧು, ರಾತ್ರಿ ಯಮದೂತ. ನೆಲದ ಮೇಲೆ ಮಲಗಿದವರನ್ನು ನಿದ್ದೆಯಲ್ಲೇ ಕಚ್ಚುತ್ತದೆ. ನೋವಿಲ್ಲ, ಊತವಿಲ್ಲ, ಎಷ್ಟೋ ಸಲ ಹಲ್ಲಿನ ಗುರುತೂ ಕಾಣುವುದಿಲ್ಲ. ಬೆಳಿಗ್ಗೆ ಹೊಟ್ಟೆನೋವು, ಇಳಿದ ರೆಪ್ಪೆ, ನುಂಗಲಾಗದ ಗಂಟಲು, ಆಮೇಲೆ ಉಸಿರು. ರೆಪ್ಪೆ ಅಲ್ಲಿ ಮೊದಲ ಗಂಟೆ. ನಾಗರಹಾವಿನ ವಿಷವೂ ರೆಪ್ಪೆ ಇಳಿಸುತ್ತದೆ, ಆದರೆ ಅದು ಕಚ್ಚಿದರೆ ಸಾಮಾನ್ಯವಾಗಿ ನೋವು, ಊತ ಇದ್ದು ಗೊತ್ತಾಗುತ್ತದೆ.

ಈಗ ಒಂದು ವಿಚಿತ್ರ ಕೇಳಿ. ಮಿಲ್ಲಿನ ಹುಡುಗನಲ್ಲಿ ಒಡೆದ ಬೀಗ ಇದೆಯಲ್ಲ, ಹಾವಿನ ವಿಷ ಹೊಕ್ಕು ಕೂರುವುದೂ ಅದೇ ಸ್ವಿಚ್ಚಿನಲ್ಲೇ! 1963ರಲ್ಲಿ ತೈವಾನಿನ ಚಾಂಗ್ ಮತ್ತು ಲೀ ಎಂಬ ವಿಜ್ಞಾನಿಗಳು ಅಲ್ಲಿಯ ಕಟ್ಟುಹಾವಿನ ವಿಷದಿಂದ ಒಂದು ಅಂಶ ಬೇರ್ಪಡಿಸಿದರು. ಅದು ಆ ಬೀಗಕ್ಕೆ ಅಂಟಿಕೊಂಡರೆ ಬಿಡುವುದಿಲ್ಲ. 1973ರಲ್ಲಿ ಅಮೆರಿಕದ ವಿಜ್ಞಾನಿಗಳು ಅದನ್ನೇ ಗುರುತಿನ ಗೂಟ ಮಾಡಿಕೊಂಡು ಎಣಿಸಿ, ಮಯಸ್ತೇನಿಯಾ ರೋಗಿಗಳಲ್ಲಿ ಬೀಗಗಳೇ ಕಡಿಮೆ ಇವೆ ಎಂದು ತೋರಿಸಿಕೊಟ್ಟರು. ಮಸ್ಕಿಯ ಹೊಲದಲ್ಲಿ ಕೊಲ್ಲುವ ಜಾತಿಯ ಹಾವೇ ಸಿಂಧನೂರಿನ ಹುಡುಗನ ಕಾಯಿಲೆಗೆ ದಾರಿ ತೋರಿಸಿತು. ಯಾವ ಕಥೆಗಾರ ಬರೆದಾನು ಇಂಥ ಕ್ಲೈಮ್ಯಾಕ್ಸು?

ತಮಾಷೆ ಬಿಡೋಣ. ಭಾರತದಲ್ಲಿ 2000ರಿಂದ 2019ರವರೆಗೆ ವರ್ಷಕ್ಕೆ ಸರಾಸರಿ 58 ಸಾವಿರ ಜನ ಹಾವು ಕಚ್ಚಿ ಸತ್ತಿದ್ದಾರೆ ಎಂದು 2020ರಲ್ಲಿ ಬಂದ ಅಧ್ಯಯನವೊಂದು ಅಂದಾಜು ಮಾಡಿದೆ. 2024ರ ಫೆಬ್ರವರಿಯಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪಟ್ಟಿಗೆ ಸೇರಿಸಿತು. ಸಾಯುವವರು ಹೆಚ್ಚಾಗಿ ಯಾರು? ಹೊಲದಲ್ಲಿ ದುಡಿಯುವವರು. ಅಂದರೆ ನೀವು, ನಿಮ್ಮ ಅಣ್ಣತಮ್ಮಂದಿರು.

ಆದ್ದರಿಂದ ಬರೆದಿಟ್ಟುಕೊಳ್ಳಿ. ರಾತ್ರಿ ಚೆನ್ನಾಗಿ ಮಲಗಿದವನು ಬೆಳಿಗ್ಗೆ ಎರಡು ರೆಪ್ಪೆ ಇಳಿದು ಎದ್ದರೆ, ಹಾವು ಕಂಡಿರಲಿ ಬಿಡಲಿ, ಗುರುತಿರಲಿ ಬಿಡಲಿ, ಹಾವೆಂದೇ ತಿಳಿದು ಆಸ್ಪತ್ರೆಗೆ ಓಡಿ. 108ಕ್ಕೆ ಫೋನು ಮಾಡಿ, ತಡವಾಗುತ್ತದೆ ಅನಿಸಿದರೆ ಸಿಕ್ಕ ಗಾಡಿ ಹತ್ತಿಸಿ. ನಡೆಸಬೇಡಿ. ಹಗ್ಗ ಬಿಗಿಯಬೇಡಿ, ಕೊಯ್ಯಬೇಡಿ, ಬಾಯಿ ಹಚ್ಚಿ ಹೀರಬೇಡಿ. ಬಾಯಿಗೆ ನೀರು, ಮಜ್ಜಿಗೆ, ಬೇರು ಏನೂ ಹಾಕಬೇಡಿ. ಮಂತ್ರ ಹಾಕಿಸುವುದಿದ್ದರೆ ಹುಡುಗ ಮನೆಗೆ ಬಂದ ಮೇಲೆ ಹಾಕಿಸಿಕೊಳ್ಳಿ! ಹಾವು ಹಿಡಿದು ತರುವ ಶೌರ್ಯ ಬೇಡ. ನಾಗರ, ಕಟ್ಟು, ಕೊಳಕುಮಂಡಲ, ಗರಗಸ ಮಂಡಲ ನಾಲ್ಕಕ್ಕೂ ನಮ್ಮಲ್ಲಿ ಔಷಧಿ ಒಂದೇ. ಅದೂ ಬೇಗ ಬೀಳಬೇಕು. ಕಟ್ಟುಹಾವಿನ ವಿಷ ನರದ ತುದಿಯನ್ನೇ ಹಾಳುಮಾಡುತ್ತದೆ, ಹಾಳಾದ ಮೇಲೆ ಔಷಧಿ ಅದನ್ನು ಸರಿಮಾಡಲಾರದು, ನರ ತಾನೇ ಚಿಗುರುವ ತನಕ ಯಂತ್ರದ ಉಸಿರೇ ಗತಿ. ಹೊರಸಿನ ಮೇಲೆ ಮಲಗಿ, ಸೊಳ್ಳೆ ಪರದೆಯ ಅಂಚು ಹಾಸಿಗೆ ಕೆಳಗೆ ಸಿಗಿಸಿ. ಅಷ್ಟಾದರೆ ಅರ್ಧ ಗೆದ್ದಂತೆ.

ಹೊಲದ್ದೇ ಇನ್ನೊಂದು ಮಾತು: ಎಣ್ಣೆ. ಹತ್ತಿಗೆ, ಮೆಣಸಿನಗಿಡಕ್ಕೆ ಹೊಡೆಯುವ ಕೆಲವು ಕೀಟನಾಶಕ ಮೈಗೆ ಹೊಕ್ಕರೂ ಇದೇ ಸ್ವಿಚ್ಚು ಕೆಡುತ್ತದೆ. ಮೊದಲು ವಾಂತಿ, ಬೆವರು, ಜೊಲ್ಲು. ಅದು ಇಳಿದು "ಆರಾಮಾದ" ಅನ್ನುವಷ್ಟರಲ್ಲಿ, ಒಂದರಿಂದ ನಾಲ್ಕು ದಿನದೊಳಗೆ, ಕುತ್ತಿಗೆ ಸೋಲುತ್ತದೆ, ರೆಪ್ಪೆ ಇಳಿಯಬಹುದು, ಉಸಿರು ಕಟ್ಟಬಹುದು. 1987ರಲ್ಲಿ ಶ್ರೀಲಂಕಾದ ಡಾಕ್ಟರರು ಇದನ್ನು ಬಿಡಿಸಿ ಬರೆದರು. ಗುರುತು ಸುಲಭ: ಮಲಗಿದವನಿಗೆ "ದಿಂಬಿನಿಂದ ತಲೆ ಎತ್ತು" ಅನ್ನಿ. ಎತ್ತಲಾರದಿದ್ದರೆ ಮನೆಗೆ ಕರೆದೊಯ್ಯುವ ಮಾತೇ ಇಲ್ಲ.

★ ಲಿಂಗಸುಗೂರು: ವೈರು ಕೆಟ್ಟವರು

ಲಿಂಗಸುಗೂರಿನಲ್ಲಿ ಸಿಕ್ಕವರು ಐವತ್ತೈದರ ಮಾವ, ಆಟೋ ಓಡಿಸುವವರು. ಸಕ್ಕರೆ ಕಾಯಿಲೆ ಹತ್ತು ವರ್ಷದ್ದು. ಒಂದು ಬೆಳಿಗ್ಗೆ ಬಲರೆಪ್ಪೆ ಪೂರ್ತಿ ಮುಚ್ಚಿತ್ತು. ಬೆರಳಿನಿಂದ ಎತ್ತಿದರೆ ಎದುರಿಗೆ ಬರುವ ಒಂದು ಲಾರಿ ಎರಡಾಗಿ ಕಾಣುತ್ತಿತ್ತು! ಇದು ಸಂಜೆಗೆ ಬಂದು ಬೆಳಿಗ್ಗೆ ಹೋಗುವಂಥದ್ದಲ್ಲ, ಬಂದದ್ದು ಕೂತೇಬಿಟ್ಟಿತು.

ಅಲ್ಲಿ ಡಾಕ್ಟರು ಮೊದಲು ನೋಡಿದ್ದು ರೆಪ್ಪೆಯನ್ನಲ್ಲ, ಅದರ ಕೆಳಗಿನ ಪಾಪೆಯನ್ನು. ಟಾರ್ಚು ಬಿಟ್ಟರು. ಬೆಳಕಿಗೆ ಪಾಪೆಯ ಕರಿಬೊಟ್ಟು ಸಣ್ಣದಾಯಿತು. "ಸದ್ಯಕ್ಕೆ ಗಾಬರಿಯಿಲ್ಲ" ಅಂದರು. ಯಾಕೆ? ರೆಪ್ಪೆ ಎತ್ತುವ ವೈರು ಮೆದುಳಿನಿಂದ ಬರುವ ಮೂರನೆಯ ನರ. ಪಾಪೆಯನ್ನು ಕಿರಿದು ಮಾಡುವ ಎಳೆಗಳು ಅದರ ಹೊರಮೈಯಲ್ಲಿ ಸಾಗುತ್ತವೆ. ಸಕ್ಕರೆ ಕಾಯಿಲೆ ನರದ ಒಳಗಿನ ಸಣ್ಣ ರಕ್ತನಾಳ ಕೆಡಿಸುವುದರಿಂದ ಸಾಮಾನ್ಯವಾಗಿ ಪಾಪೆ ಉಳಿದುಕೊಳ್ಳುತ್ತದೆ. ಸಕ್ಕರೆ ಹತೋಟಿಗೆ ಬಂದರೆ ಕೆಲವು ತಿಂಗಳಲ್ಲಿ ರೆಪ್ಪೆ ಏಳುವುದೇ ಹೆಚ್ಚು. ಮಾವನವರದು ಮೂರು ತಿಂಗಳಿಗೆ ಎದ್ದಿತು. ಅಲ್ಲಿಯವರೆಗೆ ಆಟೋ ಮಗ ಓಡಿಸಿದ.

ಆದರೆ ಪಾಪೆ ದೊಡ್ಡದಾಗಿ ಬೆಳಕಿಗೆ ಕದಲದಿದ್ದರೆ? ಜೊತೆಗೆ ಹಿಂದೆಂದೂ ಕಾಣದ ತಲೆನೋವಿದ್ದರೆ? ಮೆದುಳಿನ ರಕ್ತನಾಳ ಬಲೂನಿನಂತೆ ಉಬ್ಬಿ ನರವನ್ನು ಹೊರಗಿನಿಂದ ಒತ್ತುತ್ತಿರಬಹುದು. ಒಡೆದರೆ ಪ್ರಾಣಕ್ಕೇ ಬಂತು. ಆಗ ನಾಳೆ ನೋಡೋಣ ಅನ್ನುವ ಹಾಗಿಲ್ಲ, ಅವತ್ತೇ ಸ್ಕ್ಯಾನು.

ಪಾಪೆ ಸಣ್ಣದಾಗಿ ರೆಪ್ಪೆ ತುಸುವೇ ಇಳಿದಿದ್ದರೆ ಅದು ಇನ್ನೊಂದು ವೈರು. ಅದು ಕುತ್ತಿಗೆ, ಎದೆಯ ದಾರಿ ಸುತ್ತಿಕೊಂಡು ಕಣ್ಣಿಗೆ ಬರುತ್ತದೆ. ಕುತ್ತಿಗೆಯ ರಕ್ತನಾಳ ಸೀಳಿದರೂ ಹೀಗಾಗಬಹುದು, ಶ್ವಾಸಕೋಶದ ತುದಿಯ ಗೆಡ್ಡೆಯಿಂದಲೂ ಆಗಬಹುದು. ಬೀಡಿ ಸಿಗರೇಟು ಸೇದುವವರು ಈ ಸಾಲನ್ನು ಎರಡು ಸಲ ಓದಿ.

ಇನ್ನೊಂದು ಗೊಂದಲ ಇಲ್ಲೇ ಬಿಡಿಸಿಬಿಡೋಣ. ಬಾಯಿ ಸೊಟ್ಟಗಾಗಿ ಒಂದು ಕಣ್ಣು ಮುಚ್ಚಲಾಗದಿದ್ದರೆ ಅದು ಬೇರೆ ನರದ ಕಥೆ. ಇಳಿದ ರೆಪ್ಪೆ ಏಳುವುದಿಲ್ಲ, ಅಲ್ಲಿ ಎದ್ದ ರೆಪ್ಪೆ ಮುಚ್ಚುವುದಿಲ್ಲ. ಬಾಯಿ ಸೊಟ್ಟಗಾದ ಜೊತೆಗೆ ಕೈಕಾಲಿನ ಶಕ್ತಿ ಹೋದರೆ, ಮಾತು ತೊದಲಿದರೆ ಲಕ್ವ. ಅದಕ್ಕೂ ಗಡಿಯಾರದ ಲೆಕ್ಕವೇ, ಕೂಡಲೇ ಆಸ್ಪತ್ರೆ.

★ ಹುಟ್ಟಿನಿಂದಲೇ ಇದ್ದರೆ

ಕೆಲವರಿಗೆ ಮೋಟಾರು ಹುಟ್ಟುವಾಗಲೇ ಸಣ್ಣದು. ಹಾಲಿವುಡ್ಡಿನ ಫಾರೆಸ್ಟ್ ವಿಟೇಕರ್ ಗೊತ್ತಲ್ಲ, ಎಡರೆಪ್ಪೆ ಇಳಿದ ಕಣ್ಣಿನಲ್ಲೇ ಇದಿ ಅಮೀನ್ ಪಾತ್ರ ಮಾಡಿ 2007ರಲ್ಲಿ ಆಸ್ಕರ್ ಎತ್ತಿಕೊಂಡು ಹೋದ. ಆ ಕಣ್ಣು ಅವನಿಗೆ ಅಡ್ಡಬರಲಿಲ್ಲ. ಆದರೆ ಕೂಸಿನ ರೆಪ್ಪೆ ಪಾಪೆಯನ್ನೇ ಮುಚ್ಚಿದ್ದರೆ ಸುಮ್ಮನಿರಬೇಡಿ. ನೋಡದ ಕಣ್ಣನ್ನು ಮೆದುಳು ಕೈಬಿಡುತ್ತದೆ, ಆಮೇಲೆ ರೆಪ್ಪೆ ಎತ್ತಿದರೂ ದೃಷ್ಟಿ ಬರುವುದು ಕಷ್ಟ. ಎಳೆವೆಯಲ್ಲೇ ಆಪರೇಷನ್ ಬೇಕಾಗಬಹುದು. ವಯಸ್ಸಾದ ಅಜ್ಜ ಅಜ್ಜಿಯರಲ್ಲಿ ಹೆಚ್ಚಾಗಿ ಪಟ್ಟಿ ಜಾರಿರುತ್ತದೆ. ಅದನ್ನೂ ಹೊಲಿದು ಸರಿಮಾಡಬಹುದು.

★ ಐದು ಪ್ರಶ್ನೆ

ಡಾಕ್ಟರ ಮುಂದೆ ನಿಂತಾಗ ನಮಗೆ ಬಾಯಿ ಕಟ್ಟುತ್ತದೆ, "ಕಣ್ಣು ಒಂಥರಾ ಆಗ್ಯಾದ್ರಿ" ಅಂದು ಸುಮ್ಮನಾಗುತ್ತೇವೆ. ಅದರ ಬದಲು ಐದು ಉತ್ತರ ಜೇಬಿನಲ್ಲಿಟ್ಟುಕೊಂಡು ಹೋಗಿ.

ಒಂದು: ಯಾವಾಗ ಶುರುವಾಯಿತು? ಹುಟ್ಟಿನಿಂದಲೋ, ತಿಂಗಳಿಂದಲೋ, ಇವತ್ತು ಬೆಳಿಗ್ಗೆಯೋ?
ಎರಡು: ಒಂದು ಕಣ್ಣೋ, ಎರಡೋ?
ಮೂರು: ದಿನವಿಡೀ ಒಂದೇ ಸಮವೋ, ಸಂಜೆಗೆ ಹೆಚ್ಚೋ? ಬೆಳಿಗ್ಗೆ ಎದ್ದ ಕೂಡಲೇ ಒಂದು, ರಾತ್ರಿ ಒಂದು ಫೋಟೋ ತೆಗೆದಿಡಿ, ಹಳೆಯ ಫೋಟೋವನ್ನೂ ಒಯ್ಯಿರಿ.
ನಾಲ್ಕು: ಎರಡೂ ಕಣ್ಣಿನ ಪಾಪೆ ಸಮ ಇದೆಯೇ? ಒಂದು ವಸ್ತು ಎರಡು ಕಾಣುತ್ತದೆಯೇ? ತಲೆನೋವಿದೆಯೇ?
ಐದು: ನುಂಗಲು, ಮಾತಾಡಲು, ಉಸಿರಾಡಲು, ಕುತ್ತಿಗೆ ಎತ್ತಲು ತೊಂದರೆಯೇ? ಹಾವು, ಎಣ್ಣೆ, ಸಕ್ಕರೆ, ಯಾವುದಾದರೂ ಉಂಟೇ?

ಐದನೆಯ ಪ್ರಶ್ನೆಯ ಮೊದಲ ಸಾಲಿಗೆ 'ಹೌದು' ಬಂದರೆ ಉಳಿದದ್ದನ್ನು ಗಾಡಿಯಲ್ಲಿ ಕೂತು ಯೋಚಿಸಿ, ಗಾಡಿ ಮೊದಲು ಹೊರಡಲಿ. ಗಡಿಬಿಡಿ ಇಲ್ಲದ ಕೇಸಾದರೆ ತಾಲ್ಲೂಕು ಆಸ್ಪತ್ರೆಯ ಕಣ್ಣಿನ ಡಾಕ್ಟರರಿಂದ ಶುರುಮಾಡಿ. ಅವರು ಚೀಟಿ ಬರೆದರೆ ರಾಯಚೂರಿನ ರಿಮ್ಸ್, ಬೆಂಗಳೂರಿನ ನಿಮ್ಹಾನ್ಸ್ ಇವೆ. ಅಷ್ಟು ದೂರ ಯಾಕೆ ಅನ್ನಬೇಡಿ. ಕಟೌಟ್ ನೋಡಲು ರಾತ್ರಿಯೆಲ್ಲ ಬಸ್ಸಿನಲ್ಲಿ ನಿಂತು ಹೋದವರು ನಾವು, ಕಣ್ಣಿಗೋಸ್ಕರ ಹೋಗಲಾರೆವೇ?

ಕಡೆಯ ಮಾತು ಸಾಹುಕಾರರಿಗೆ, ಬೀಗರಿಗೆ, ಬಸ್ ಸ್ಟ್ಯಾಂಡಿನ ಜಡ್ಜ್ ಸಾಹೇಬರಿಗೆ. ಕುಡಿದವನ ಬಾಯಿ ವಾಸನೆ ಬರುತ್ತದೆ, ಮರುದಿನ ಸರಿಹೋಗುತ್ತಾನೆ. ದಿನಾ ಸಂಜೆ ಒಂದೇ ರೆಪ್ಪೆ ಇಳಿಯುವವನು ಕುಡುಕನಲ್ಲ, ರೋಗಿ. ಬೈದು ಕಳಿಸುವ ಮುಂಚೆ "ತಮ್ಮಾ, ಬೆಳಿಗ್ಗೆನೂ ಹಿಂಗೇ ಇರ್ತದೇನೋ?" ಎಂದು ಒಂದು ಮಾತು ಕೇಳಿ. ಆ ಒಂದು ಪ್ರಶ್ನೆಯಿಂದ ಒಬ್ಬನ ಕೆಲಸ ಉಳಿದೀತು, ಇನ್ನೊಬ್ಬನ ಮದುವೆ ಉಳಿದೀತು. ಭತ್ತದ ಗದ್ದೆಯಲ್ಲಾದರೆ ಜೀವವೇ ಉಳಿದೀತು.

ಮುಂದಿನ ವಾರ ಮತ್ತೆ ಸ್ಟುಡಿಯೋ ಸುದ್ದಿ. ಪತ್ರ ಬರೆಯುತ್ತಿರಿ ಗೆಳೆಯರೇ.